ಇಪ್ಪತ್ತು ದಾಟದ ಮುಳ್ಳು

ಪಕ್ಕದ ಮನೆ ಮೇಷ್ಟ್ರು ಮೋಟಾರ್ ಸೈಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತೋರು. "ಮುಳ್ಳು ಇಪ್ಪತ್ತು ದಾಟಲ್ಲಮ್ಮ" ಅಂತ ಮಾತು ಕೊಟ್ಟು ವಯಸ್ಸಾದ ತಾಯಿಯನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯೋರು. ಅಜ್ಜಿ ಹಿಂದೆ ಕೂತು, ಮಗನ ಭುಜದ ಮೇಲಿಂದ ಸ್ಪೀಡೋಮೀಟರನ್ನೇ ನೋಡೋರು.

ಅದು ಕೆಟ್ಟಿತೆಂದು ಬೇರೆ ಹಾಕಿಸಿದರೆ, ಗಾಡಿ ನಿಂತಿದ್ದರೂ ಮುಳ್ಳು ಅರವತ್ತರಲ್ಲೇ! ಅಜ್ಜಿ ಹತ್ತಲೇ ಇಲ್ಲ.

"ಮೀಟರಿಗೊಂದು ಬಟ್ಟೆ ಸುತ್ತಿಬಿಡಿ ಮೇಷ್ಟ್ರೇ" ಅಂದೆ.

"ಅಮ್ಮನಿಗೆ ಮೋಸ ಮಾಡಲಾ? ಬೇಡ ಕಣಮ್ಮ" ಅಂದರು.

ಲಷ್ಕರ್ ಮೊಹಲ್ಲಾದ ಅಂಗಡಿಯವನು ಮುಂದಿನ ವಾರ, ಮುಂದಿನ ವಾರ ಅಂತ ಸತಾಯಿಸಿ ಸರಿಯಾದ ಮೀಟರ್ ಕೊಡುವಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಮೇಷ್ಟ್ರು ಒಬ್ಬರೇ ಬೆಟ್ಟಕ್ಕೆ ಹೋಗಿ ತೀರ್ಥ ತಂದು ಬಾಯಿಗೆ ಬಿಟ್ಟರು. ಗುಟುಕರಿಸುವಷ್ಟು ಜೀವ ಉಳಿದಿತ್ತಲ್ಲ, ಅದೇ ತಾಯಿ ಚಾಮುಂಡಿಯ ದಯೆ.

"ಮುಳ್ಳು ಎಷ್ಟಿತ್ತೋ?" ಅಂದರು ಅಜ್ಜಿ.

"ಇಪ್ಪತ್ತಮ್ಮ."

"ಹಂಗಾದ್ರೆ ನಾನೂ ಬರಬಹುದಿತ್ತು ಕಣೋ."