ಕತ್ತೆತ್ತಿದ ಕೋಳಿಕಲ್ಲು

ನೆಡ್ರಾ ವಿಕ್‌ಲೈನ್ ಗ್ರೀನ್‌ಬ್ರಯರ್ ಹೊಳೆಗೆ ಇಳಿಯಲು ಕಲಿತದ್ದು ಅಪ್ಪನ ಸೊಂಟದ ಬೆಲ್ಟು ಹಿಡಿದು. ಬೇಸಿಗೆಯಲ್ಲಿ ಕಲ್ಲು ಮಗುಚಿ, ಅಡಿಯಲ್ಲಿ ಅವಿತ, ಗಾಳಕ್ಕೆ ಸಿಕ್ಕಿಸುವ ಕರಿಹುಳುವನ್ನು ಅದು ಕಚ್ಚುವ ಮೊದಲೇ ಕುತ್ತಿಗೆ ಹಿಡಿದು ಎತ್ತುವುದರಲ್ಲಿ ಆ ಕಣಿವೆಯಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಬಂಡೆಗಳ ಸಂದಿಯ ಕಂಚು ಬಣ್ಣದ ಬಾಸ್ ಮೀನಿಗೆ ಆ ಹುಳುವೆಂದರೆ ಪ್ರಾಣ. ಗಂಡ ಆರ್ವಲ್‌ಗೆ ಆ ಮೀನೆಂದರೆ ಪ್ರಾಣ. ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿ ಸೊಂಟ ಕೆಟ್ಟ ಮೇಲೆ ನೆಲದ ಮೇಲೆ ಕುಂಟುತ್ತಿದ್ದವನು, ನೀರಿಗಿಳಿದರೆ ಹುಡುಗನಾಗಿಬಿಡುತ್ತಿದ್ದ.

ಹೊಳೆಯ ನಡುವೆ, ನೀರು ಕುಡಿಯಲು ಬಾಗಿದ ಕೋಳಿಯಂತಿದ್ದ ಬಂಡೆ, ಕೋಳಿಕಲ್ಲು. ಅದರ ಕೊಕ್ಕಿಗೆ ನೀರು ತಾಗಿತೆಂದರೆ ಗಾಳ ಸುತ್ತಿ ದಡ ಸೇರಬೇಕು. ಗುಡ್ಡದಾಚೆ ಮಳೆ ಬಿದ್ದದ್ದು ಇಲ್ಲಿ ಬಿಸಿಲಲ್ಲಿ ನಿಂತವರಿಗೆ ಗೊತ್ತಾಗುತ್ತಿದ್ದುದೇ ಹಾಗೆ. ನೆಡ್ರಾಳ ಅಜ್ಜನೂ ಅದನ್ನೇ ನಂಬಿ ಮೀನು ಹಿಡಿದವನು.

ಆ ಜೂನ್ ಮಧ್ಯಾಹ್ನ ಅವಳು ದಡದ ಬಳಿ ಹುಳು ಹುಡುಕುತ್ತಿದ್ದಳು. ಆಗಷ್ಟೇ ಮಗುಚಿಟ್ಟಿದ್ದ ಕಲ್ಲು ಕಾಣಲಿಲ್ಲ. ನೀರಿಗೆ ಮಣ್ಣಿನ ಬಣ್ಣ ಬಂದಿತ್ತು. ತಟ್ಟನೆ ಕೋಳಿಕಲ್ಲಿನ ಕಡೆ ನೋಡಿದಳು. ಕೊಕ್ಕು ಒಣಗಿಯೇ ಇತ್ತು.

ಆದರೆ ಕೋಳಿಯ ಕುತ್ತಿಗೆಗೆ ವರ್ಷಗಟ್ಟಲೆ ನೀರು ಎಳೆದ ಕಪ್ಪು ಗೆರೆ ಈಗ ಓರೆಯಾಗಿ, ನೀರಿನಿಂದ ಮೇಲೆ ನಿಂತಿತ್ತು. ಚಳಿಗಾಲದ ಹಿಮಗಡ್ಡೆ ಒಡೆದು ಹರಿದಾಗ ಬಂಡೆಗೆ ಗುದ್ದಿ ಅದನ್ನು ಹಿಂದಕ್ಕೆ ವಾಲಿಸಿರಬೇಕು. ಕೋಳಿ ಕತ್ತೆತ್ತಿಬಿಟ್ಟಿತ್ತು.

ಆರ್ವಲ್ ಅದರಾಚೆ ಹಾಸುಬಂಡೆಯ ಮೇಲೆ ತೊಡೆಮಟ್ಟ ನೀರಲ್ಲಿದ್ದ. ಗಾಳದ ಕೋಲು ಬಿಲ್ಲಿನಂತೆ ಬಾಗಿತ್ತು.

"ಏ ಮುದುಕ, ಬಾ ಈಚೆ! ನೀರು ಏರ್ತಿದೆ!"

"ಕೋಳಿ ಇನ್ನೂ ನೀರು ಕುಡಿದಿಲ್ಲ ಕಣೇ! ಇವನನ್ನ ನೋಡು, ನಿಮ್ಮಪ್ಪನಿಗೂ ಸಿಕ್ಕಿರಲಿಲ್ಲ ಇಂಥವನು!"

"ಕೋಳಿ ಕತ್ತೆತ್ತಿದೆ ಕಣೋ! ಅದನ್ನ ನಂಬಬೇಡ!"

"ಹೊಟ್ಟೆಕಿಚ್ಚು ನಿಂಗೆ!"

ಅವನೊಬ್ಬನೇ ತಿರುಗಿ ಬರಲಾರ. ಈ ಸೆಳೆತಕ್ಕೆ ಆ ಸೊಂಟ ಒಂದು ಹೆಜ್ಜೆಯೂ ತಾಳದು. ನೆಡ್ರಾ ಊರುಗೋಲು ಹಿಡಿದು ಇಳಿದಳು. ಪ್ರತಿ ಹೆಜ್ಜೆಗೂ ಕೋಲನ್ನು ಸೆಳೆತದ ಎದುರಿಗೆ ಊರಿ, ಬೂಟಿನ ತುದಿಯಿಂದ ತಳ ತಡವಿದಳು. ಪಾಚಿಗಲ್ಲು ಜಾರಿತು. ತಣ್ಣೀರು ಪಕ್ಕೆಗೆ ಹೊಡೆದು ಉಸಿರು ಕಟ್ಟಿತು. ಅವಳು ಹತ್ತಿರ ಬಂದಾಗ ಆರ್ವಲ್ ನಗುತ್ತಿರಲಿಲ್ಲ. ನೀರು ಅವನ ಸೊಂಟ ದಾಟಿತ್ತು.

"ನೆಡ್ರಾ, ಕಾಲು ಕೀಳೋಕೆ ಆಗ್ತಿಲ್ಲ."

"ನನ್ನ ಬೆಲ್ಟು ಹಿಡ್ಕೋ. ಎರಡೂ ಕೈಯಲ್ಲಿ."

ಅವನು ಒಂದೇ ಕೈಯಲ್ಲಿ ಹಿಡಿದ. ಇನ್ನೊಂದರಲ್ಲಿ ಗಾಳದ ಕೋಲು. ಮೀನು ನೀರಿನಿಂದ ಹಾರಿ, ಕೆಂಪು ಕಣ್ಣು ತೋರಿಸಿ, ತಲೆ ಕೊಡವಿ ಬಿತ್ತು. ಅಷ್ಟು ದೊಡ್ಡದನ್ನು ಅವಳೂ ಕಂಡಿರಲಿಲ್ಲ.

"ಅಯ್ಯೋ, ನೋಡೇ ಅವನನ್ನ..."

"ನೋಡ್ದೆ. ಎರಡೂ ಕೈ ಅಂದೆ."

ಆರ್ವಲ್ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ. ಕೈಬಿಟ್ಟ ಗಾಳದ ಕೋಲು ತೇಲಿಹೋಯಿತು.

ಮದುವೆಯಾದಾಗಿನಿಂದ ಇಬ್ಬರೂ ಹೊಳೆ ದಾಟುತ್ತಿದ್ದುದು ಹೀಗೆಯೇ. ಒಬ್ಬರು ಸೆಳೆತಕ್ಕೆ ಎದೆಕೊಟ್ಟು ನಿಲ್ಲಬೇಕು, ಅವರ ಮರೆಯಲ್ಲಿ ಇನ್ನೊಬ್ಬರು ಹೆಜ್ಜೆ ಇಡಬೇಕು, ಆಮೇಲೆ ಸರದಿ ಬದಲು. ಅವತ್ತು ಸರದಿ ಬದಲಾಗಲಿಲ್ಲ. ಪ್ರತಿ ಸಲವೂ ನೆಡ್ರಾಳೇ ನಿಂತಳು. ನಡುವೆ ಅವನು ಜಾರಿದ. ಬೆಲ್ಟು ಅವಳ ಹೊಟ್ಟೆಯನ್ನು ಕೊಯ್ಯಿತು. ಊರುಗೋಲು ಬಾಗಿತು, ಮುರಿಯಲಿಲ್ಲ.

ದಡದ ಮರಳಲ್ಲಿ ಇಬ್ಬರೂ ಮಲಗಿ ಏದುಸಿರು ಬಿಟ್ಟರು. ಅವರು ನಿಂತಿದ್ದ ಹಾಸುಬಂಡೆಯ ಮೇಲೆ ಈಗ ಒಂದು ಇಡೀ ಮರ ಹೊರಳುತ್ತ ಹೋಗುತ್ತಿತ್ತು. ಕೋಳಿಯ ಕೊಕ್ಕು ಇನ್ನೂ ಒಣಗಿತ್ತು.

"ಹಾಳಾದ್ದು," ಎಂದ ಆರ್ವಲ್. ಅವನ ಬೆರಳುಗಳು ಅವಳ ಬೆಲ್ಟನ್ನು ಬಿಟ್ಟಿರಲಿಲ್ಲ.

"ಬಿಡೋ ಈಗ, ಉಸಿರಾಡೋಕೆ ಆಗ್ತಿಲ್ಲ."

"ತಡಿ," ಎಂದ. "ಬೆರಳು ಬಿಚ್ಚೋಕೆ ಬರ್ತಿಲ್ಲ."

ನೆಡ್ರಾ ಒಂದೊಂದಾಗಿ ಬಿಡಿಸಿದಳು.