ಬೀಯುನ್ ಅತ್ತಿಗೆ ಹುಡುಕಿದ ಕಣಿವೆ

ನನ್ನ ಅಣ್ಣ ಕ್ವೋತುಂಗ್ ಬೆಟ್ಟಕ್ಕೆ ಹೋದವನು ತಿರುಗಿ ಬರಲಿಲ್ಲ. ನಮ್ಮ ಯೂಲಿ ಊರಿನ ಪಶ್ಚಿಮಕ್ಕೆ ಎದ್ದು ನಿಂತಿರುವ ಆ ಸಾಲನ್ನು ಅವನು ಹರೆಯದಿಂದಲೂ ಹತ್ತಿ ಇಳಿದವನು. ಒಬ್ಬರೇ ಹೋಗಬೇಡಿ ಎಂದು ಬೀಯುನ್ ಅತ್ತಿಗೆ ಪ್ರತಿಸಲ ಹೇಳುತ್ತಿದ್ದರು, ಅವನು ಪ್ರತಿಸಲ ನಗುತ್ತಿದ್ದ. ಅಗ್ನಿಶಾಮಕ ದಳದವರು ಹುಡುಕಿದರು, ಬೆಟ್ಟದ ಬುನುನ್ ಬುಡಕಟ್ಟಿನ ಬೇಟೆಗಾರರು ಹುಡುಕಿದರು. ಕೊನೆಯ ತಂಗುಮನೆಯ ಆಚೆ, ಕಡಿದಾದ ಕಣಿವೆಯೊಂದರ ಅಂಚಿನಲ್ಲಿ ಅವನ ಊರುಗೋಲು ಸಿಕ್ಕಿತು. ಅಷ್ಟರಲ್ಲಿ ಮಳೆ ಹಿಡಿದು ಹುಡುಕಾಟ ನಿಂತುಹೋಯಿತು.

ಮಳೆ ಬಿಟ್ಟ ಮೇಲೆ ಅಣ್ಣನ ಚಾರಣದ ಗೆಳೆಯರು ಡ್ರೋನ್ ಹಾರಿಸಿ ಆ ಕಣಿವೆಯನ್ನು ಇಂಚಿಂಚೂ ಫೋಟೋ ತೆಗೆದು ತಂದರು. ನಾನು ಭೂಮಾಪನ ಕಚೇರಿಯಲ್ಲಿ ಇರುವವನು, ಅಂಥ ಸಾವಿರಾರು ಫೋಟೋ ಒಂದಕ್ಕೊಂದು ಹೊಲಿದು ಒಂದು ಇಡೀ ಬೆಟ್ಟವನ್ನು ಪರದೆಯ ಮೇಲೆ ನಿಲ್ಲಿಸುವುದು ನನಗೆ ಗೊತ್ತು. ಅತ್ತಿಗೆಯದು ಬೆಳಗಿನ ತಿಂಡಿಯ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಸೋಯಾ ಕಾಳಿನ ಮೂಟೆಗಳ ಪಕ್ಕ, ನನ್ನ ಕಂಪ್ಯೂಟರನ್ನು ಇಟ್ಟುಕೊಟ್ಟೆ. ಎರಡು ವಾರ ನೋಡಿ ಅವರೇ ಸಾಕು ಅನ್ನುತ್ತಾರೆ ಎಂದುಕೊಂಡಿದ್ದೆ.

ಅವರು ಸಾಕು ಅನ್ನಲಿಲ್ಲ. ಮಧ್ಯಾಹ್ನ ಕಾವಲಿ ತೊಳೆದು, ಬಾಗಿಲು ಎಳೆದು, ಕೈಯ ಎಣ್ಣೆ ಒರೆಸಿಕೊಂಡು ಕೂತರೆ ಕತ್ತಲಾಗುವ ತನಕ ಏಳುತ್ತಿರಲಿಲ್ಲ. ಮೌಸ್ ಹಿಡಿದು ಬೆಟ್ಟವನ್ನು ಓರೆ ಮಾಡುವರು, ತಿರುಗಿಸುವರು, ಬಂಡೆಯ ಅಡಿಗೆ ಇಳಿದು ಇಣುಕುವರು. ಅಣ್ಣನ ಜಾಕೆಟ್ಟು ಕಿತ್ತಳೆ ಬಣ್ಣದ್ದು. ಕಿತ್ತಳೆ ಕಂಡಲ್ಲೆಲ್ಲ ನನಗೆ ಫೋನು ಬರುತ್ತಿತ್ತು. ಒಮ್ಮೆ ಒಣಗಿದ ಜರೀಗಿಡ, ಒಮ್ಮೆ ತುಕ್ಕು ಬಣ್ಣದ ಕಲ್ಲು. ದಟ್ಟ ಮರಗಳಿದ್ದ ಕಡೆ ಚಿತ್ರ ಕರಗಿದ ಮೇಣದ ಹಾಗೆ ಇಳಿಬಿದ್ದಿತ್ತು, ಅಲ್ಲಿ ಏನೂ ಕಾಣುತ್ತಿರಲಿಲ್ಲ.

ಅದಕ್ಕೇ ನಾನು ಮೇಲಿಂದ ಲೇಸರ್ ಕಿರಣ ಹಾಯಿಸಿ ಅಳೆದ, ಅದೇ ಬೆಟ್ಟದ ಇನ್ನೊಂದು ಚಿತ್ರವನ್ನೂ ತಂದು ಹಾಕಿದೆ. ಒಂದು ಗುಂಡಿ ಒತ್ತಿದರೆ ಮರಗಿಡ ಎಲ್ಲ ಮಾಯವಾಗಿ ಬರಿ ನೆಲ ಮಾತ್ರ ಉಳಿಯುತ್ತದೆ. ಅತ್ತಿಗೆ ಆ ಬೋಳು ಕಣಿವೆಯನ್ನು ತಿರುಗಿಸಿ ನೋಡಿದರು.

"ಮರ ಎಲ್ಲ ಹೆಂಗೆ ಹೋಯ್ತು?"

"ನೆಲ ಅಲ್ಲದ್ದನ್ನೆಲ್ಲ ಅದು ತೆಗೆದುಬಿಡುತ್ತೆ, ಅತ್ತಿಗೆ."

"ಹಂಗಾದ್ರೆ ನಿಮ್ಮಣ್ಣ ಅಲ್ಲಿ ಬಿದ್ದಿದ್ರೆ, ಅವರನ್ನೂ ತೆಗೆದುಬಿಡುತ್ತಾ?"

ನನಗೆ ಸುಳ್ಳು ಹೇಳಲು ಬರಲಿಲ್ಲ. ತೆಗೆಯುತ್ತೆ ಅಂದೆ. ಮತ್ತೆಂದೂ ಅವರು ಆ ಗುಂಡಿ ಒತ್ತಲಿಲ್ಲ. ಮೇಣದ ಮರಗಳ ನಡುವೆಯೇ ಹುಡುಕುತ್ತಾ ಹೋದರು. ಅಂಗಡಿಗೆ ಬರುವವರು ಆಡಿಕೊಳ್ಳಲು ಶುರುಮಾಡಿದರು. ಬಸ್ ನಿಲ್ದಾಣದ ಫಾಂಗ್ ಚಿಕ್ಕಮ್ಮನಂತೂ, "ಬೀಯುನ್, ಮೊಟ್ಟೆ ದೋಸೆ ಸೀದು ಹೋಗ್ತಿದೆ ಕಣೇ, ನಿನ್ನ ಬೆಟ್ಟಾನ ಒಲೆ ಮೇಲೆ ತಂದಿಟ್ಕೋ," ಅಂದಳು. ಅತ್ತಿಗೆ ದೋಸೆ ಮಗುಚಿ ಹಾಕಿದರು.

ಮುಂದಿನ ಶರತ್ಕಾಲದಲ್ಲಿ ಅವರಿಗೊಂದು ನೀಲಿ ಚುಕ್ಕೆ ಕಂಡಿತು. ಕಣಿವೆಯ ತಳದಲ್ಲಿ, ಎರಡು ಬಂಡೆಗಳ ಸಂದಿಯಲ್ಲಿ. ಅಣ್ಣನ ಬಳಿ ನೀಲಿಯದು ಏನೂ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಸುತ್ತ ಎಷ್ಟು ತಿರುಗಿಸಿದರೂ ಅದು ಕಲ್ಲಾಗಲಿಲ್ಲ, ಎಲೆಯಾಗಲಿಲ್ಲ. ಬುನುನ್ ಬೇಟೆಗಾರರು ಹಗ್ಗ ಹಾಕಿ ಇಳಿದರು. ಅದು ಬೆನ್ನುಚೀಲ. ಪಕ್ಕದಲ್ಲಿ ಮೂಳೆಗಳಿದ್ದವು. ಐದು ವರ್ಷದ ಹಿಂದೆ ಕಾಣೆಯಾಗಿದ್ದ, ತೈನಾನ್ ಕಡೆಯ ಒಬ್ಬ ಹುಡುಗಿಯವು.

ಅವಳ ತಂದೆ, ಕೋ ಎನ್ನುವ ನಿವೃತ್ತ ಬಸ್ ಚಾಲಕ, ಒಂದು ಪೆಟ್ಟಿಗೆ ಚಕ್ಕೋತ ಹೊತ್ತುಕೊಂಡು ಅಂಗಡಿಗೆ ಬಂದರು. ಅತ್ತಿಗೆಯ ಮುಂದೆ ಸೊಂಟ ಬಗ್ಗಿಸಿ ಅಳುತ್ತಾ ನಿಂತವರು ಏಳಲೇ ಇಲ್ಲ, ನಾನೇ ಹಿಡಿದು ಎಬ್ಬಿಸಿದೆ. ಹೆಂಡತಿ ಈಗ ರಾತ್ರಿ ನಿದ್ದೆ ಮಾಡುತ್ತಾಳೆ ಎಂದು ಹೇಳಿದರು. ಮಗಳ ಬೂದಿಯನ್ನು ಊರಿನ ಗುಡಿಯಲ್ಲಿ ಅಜ್ಜಿಯ ಬೂದಿಯ ಪಕ್ಕದಲ್ಲೇ ಇಟ್ಟಿದ್ದಾರಂತೆ. ಹೊರಡುವಾಗ, "ನಿಮ್ಮವರೂ ಸಿಕ್ಕೇ ಸಿಗ್ತಾರಮ್ಮ," ಅಂದರು.

ಅವರನ್ನು ರೈಲಿಗೆ ಬಿಟ್ಟು ಬಂದಾಗ ಅತ್ತಿಗೆ ಚಕ್ಕೋತದ ಪೆಟ್ಟಿಗೆಯನ್ನೇ ದಿಟ್ಟಿಸುತ್ತಾ ಕೂತಿದ್ದರು.

"ಶೆಂಗ್, ಒಂದ್ ಮಾತ್ ಹೇಳ್ತೀನಿ, ಯಾರ್ ಹತ್ರನೂ ಆಡ್ಬೇಡ. ಆ ಮನುಷ್ಯ ಅಳ್ತಿದ್ರೆ ನಂಗೆ ಹೊಟ್ಟೆಕಿಚ್ಚಾಯ್ತು. ಅವರಿಗೆ ಇಟ್ಕೊಳ್ಳೋಕೆ ಬೂದಿ ಇದೆ."

ಹಣ್ಣನ್ನು ಅಕ್ಕಪಕ್ಕದವರಿಗೆ ಹಂಚಿದರು, ತಾವು ಒಂದು ತೊಳೆಯನ್ನೂ ತಿನ್ನಲಿಲ್ಲ. ಮರುದಿನ ಮತ್ತೆ ಕಂಪ್ಯೂಟರಿನ ಮುಂದೆ ಕೂತರು. ಕಣಿವೆಯ ದಕ್ಷಿಣದ ಕವಲು ಇನ್ನೂ ನೋಡದೆ ಉಳಿದಿತ್ತು.

ಆ ಕವಲು ಮುಗಿಯುವ ಮೊದಲೇ ಭೂಕಂಪವಾಯಿತು. ಊರಲ್ಲಿ ಗೋಡೆಗಳು ಬಿರುಕು ಬಿಟ್ಟವು, ಅಂಗಡಿಯ ಗಾಜು ಒಡೆಯಿತು. ಬೆಟ್ಟದಲ್ಲಿ ಗುಡ್ಡಗಳೇ ಕಳಚಿ ಬಿದ್ದವು. ಗೆಳೆಯರು ಮತ್ತೆ ಡ್ರೋನ್ ಹಾರಿಸಿದರು. ತೋರಿಸಲೇಬೇಕೆಂದು ಅತ್ತಿಗೆ ಹಟ ಹಿಡಿದಾಗ, ಹಳೆಯ ಬೆಟ್ಟದ ಮೇಲೆ ಹೊಸ ಬೆಟ್ಟವನ್ನು ಇಟ್ಟು ತೋರಿಸಿದೆ. ಮಣ್ಣು ಜಾರಿದ ಕಡೆ ನೀಲಿ, ಬಂದು ಬಿದ್ದ ಕಡೆ ಕೆಂಪು. ಕಣಿವೆಯ ತಳ ಪೂರ್ತಿ ಕೆಂಪಾಗಿತ್ತು. ಅವರು ಮೌಸ್ ಹಿಡಿದು ದಕ್ಷಿಣದ ಕವಲಿಗೆ ಹೋದರು. ಅದೂ ಕೆಂಪು.

"ಎಷ್ಟು ಆಳ?"

"ಕೆಲವು ಕಡೆ ಹತ್ತು ಮಹಡಿಯಷ್ಟು."

ಹಳೆಯ ಚಿತ್ರ ಹಾಗೇ ಇದೆ, ಅದರಲ್ಲಿ ಹುಡುಕುವುದನ್ನು ಮುಂದುವರಿಸಬಹುದು ಎಂದು ಏನೋ ಸಮಾಧಾನ ಹೇಳಿದೆ. ಅವರು ನನ್ನ ಮುಖ ನೋಡಿದರು.

"ಅದರಲ್ಲಿ ಸಿಕ್ರೆ ಏನ್ ಮಾಡ್ಲಪ್ಪಾ? ಎಲ್ಲಿ ಅಗೀಲಿ?"

ಆ ವಾರವೇ ಕಂಪ್ಯೂಟರನ್ನು ತೆಗೆದುಕೊಂಡು ಹೋಗು ಅಂದರು, ನಾನು ತೆಗೆದುಕೊಂಡು ಬಂದೆ. ಅಂಗಡಿ ನಡೆಯುತ್ತಿದೆ. ಮಧ್ಯಾಹ್ನ ಬಾಗಿಲು ಎಳೆದ ಮೇಲೆ ಅವರು ಒಳಗೆ ಏನು ಮಾಡುತ್ತಾರೋ ತಿಳಿಯದು. ದೀಪ ಮಾತ್ರ ಹಾಕಿರುವುದಿಲ್ಲ.

ಈ ಸಲ ಹಿರಿಯರ ಗೋರಿ ಗುಡಿಸುವ ಹಬ್ಬಕ್ಕೆ ಅಪ್ಪ ಅಮ್ಮನ ಗೋರಿ ಮುಗಿಸಿಕೊಂಡು, ಅತ್ತಿಗೆಯನ್ನು ಬೆಟ್ಟದ ಬುಡದ ತನಕ ಕರೆದೊಯ್ದೆ. ಅಣ್ಣನಿಗೆ ಇಷ್ಟವಾದ ಹಂದಿಮಾಂಸದ ಪಲ್ಯ, ಅನ್ನ, ಒಂದು ಕುಪ್ಪಿ ಜೋಳದ ಮದ್ಯ ತಂದಿದ್ದರು. ಊದುಬತ್ತಿ ಹಚ್ಚಿ ಕೈಯಲ್ಲಿ ಹಿಡಿದು, ಯಾವ ಕಡೆ ತಿರುಗಲಿ ಎಂದು ನನ್ನನ್ನು ಕೇಳಿದರು. ನಾನು ಕೈ ಮಾಡಿ ತೋರಿಸಿದೆ. ಆ ಕಡೆ ತಿರುಗಿ ನಿಂತರು. ಮಂಜು ಕವಿದಿತ್ತು, ಬೆಟ್ಟ ಕಾಣುತ್ತಿರಲಿಲ್ಲ. ಊದುಬತ್ತಿ ಉರಿದು ಮುಗಿಯುವ ತನಕ ನಿಂತಿದ್ದು, ಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಬಂದೆವು.