ಅಕ್ಕನ ಎಡಗೈಗೆ ಕಟ್ಟಿದ ವಾಚು

ಈ ವಾಚನ್ನು ಯಾಕೆ ಕೊಂಡೆ ಎಂದು ಕೇಳಿದವರಿಗೆ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಹೆಂಡತಿಗೆ, ಇದು ಹಳೆಯದಾದಷ್ಟೂ ಬೆಲೆ ಏರುವ ವಸ್ತು ಎಂದೆ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಜೊತೆ ದುಡಿದವರಿಗೆ, ನಿವೃತ್ತಿಯ ನೆನಪಿಗೆ ಎಂದೆ. ನನಗೆ ನಾನೇ ಹೇಳಿಕೊಂಡದ್ದು ಇನ್ನೂ ಚೆಂದದ ಕಾರಣ: ಚಿಕ್ಕಂದಿನಲ್ಲಿ ಈಜಿದ ಬಾವಿಯ ಋಣ ಅಂತ. ಮೂರನ್ನೂ ನಂಬಬೇಡಿ. ಬೆಂಗಳೂರಿನ ಅಂಗಡಿಯಲ್ಲಿ ಅದರ ಹೊರಬಳೆಯನ್ನು ತಿರುಗಿಸಿ ನೋಡಿದಾಗ, ಬಿಸಿಲಿಗೆ ಹಾಕಿದ ಅವರೆಕಾಯಿ ಸಿಡಿಯುವಂಥ ಸಣ್ಣ ಸದ್ದು ಬಂತು. ಅದನ್ನು ಮನೆಯಲ್ಲಿ ಕೂತು ಕೇಳಬೇಕೆನಿಸಿತು. ನಿಜವಾದ ಕಾರಣ ಅದೇ ಇರಬೇಕು. ಅದೂ ಹೊಳೆದದ್ದು ಈಗ, ಈ ಸಾಲು ಬರೆಯುವಾಗ. ಹಾಗಾಗಿ ಅದನ್ನೂ ಪೂರ್ತಿ ನಂಬಬೇಡಿ.

ಇದು ಸಮುದ್ರದಡಿ ಕೆಲಸ ಮಾಡುವವರಿಗೆಂದು ಮಾಡಿದ ವಾಚು. ಕೈಯಲ್ಲಿ ಹಿಡಿದರೆ ತೂಕದ ಕಲ್ಲಿನಂತಿದೆ. ಮುಖ ಕಪ್ಪು. ದೀಪ ಆರಿಸಿದರೆ ಅಂಕಿಗಳಿರಬೇಕಾದಲ್ಲಿ ಚುಕ್ಕಿಗಳು ಮಿಣುಕುಹುಳದ ಹಸಿರಿನಲ್ಲಿ ಬೆಳಗುತ್ತವೆ. ಕೀಲಿಗುಂಡಿಯನ್ನು ತಿರುಪಿನಂತೆ ಬಿಗಿದರೆ ಒಳಗೆ ಹನಿ ನೀರೂ ಇಳಿಯದು. ಬದಿಯಲ್ಲಿ ಇನ್ನೊಂದು ಪುಟ್ಟ ಗುಂಡಿಯಿದೆ. ದಿನಗಟ್ಟಲೆ ನೀರಿನಡಿಯ ಕೋಣೆಯಲ್ಲಿದ್ದು ಮೇಲೆ ಬರುವವರ ವಾಚಿನೊಳಗೆ ಹೀಲಿಯಂ ಅನಿಲ ಸೇರಿಕೊಂಡಿರುತ್ತದಂತೆ, ಅದು ಹೊರಹೋಗಲು ಈ ದಾರಿ. ರಾಮನಗರದ ನನ್ನ ಮನೆಯಲ್ಲಿ ಅದರ ಅಗತ್ಯ ಬಿದ್ದಿಲ್ಲ. ಸಮುದ್ರದಲ್ಲಿ ನಾನು ನಿಂತದ್ದೇ ಮೊಣಕಾಲು ಮಟ್ಟಕ್ಕೆ, ಪ್ಯಾಂಟು ಮಡಚಿಕೊಂಡು. ಆದರೂ ಆ ಗುಂಡಿಯನ್ನು ಆಗಾಗ ಸವರುತ್ತೇನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹೊರಬಳೆ. ಮುಳುಗುವ ಮೊದಲು ಅದರ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಟ್ಟರೆ, ಎಷ್ಟು ಹೊತ್ತು ನೀರಿನಲ್ಲಿದ್ದೇವೆಂದು ತಿಳಿಯುತ್ತದೆ. ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಬಂಡೆಗೆ ತಾಗಿ ಜರುಗಿದರೂ, ಕಳೆದ ಹೊತ್ತನ್ನು ಹೆಚ್ಚಾಗಿ ತೋರಿಸುತ್ತದೆಯೇ ಹೊರತು ಕಡಿಮೆ ತೋರಿಸದು. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ತಡವಾಗಿ ಅಲ್ಲ. ತಪ್ಪಿದರೂ ಜೀವದ ಕಡೆಗೇ ತಪ್ಪಲಿ ಎಂದು ಯಾರೋ ಕೂತು ಯೋಚಿಸಿದ್ದಾರೆ. ನೆನಪಿಗೆ ಇಂಥ ಬಳೆ ಯಾರೂ ಹಾಕಿಲ್ಲ. ಅದು ಎರಡೂ ಕಡೆ ಸಲೀಸಾಗಿ ತಿರುಗುತ್ತದೆ.

ಇಷ್ಟೆಲ್ಲ ಇದ್ದ ವಾಚು ನನ್ನ ಕೈಯಲ್ಲಿ ಪದೇಪದೇ ನಿಂತುಹೋಗುತ್ತಿತ್ತು. ಅದಕ್ಕೆ ಸೆಲ್ ಇಲ್ಲ. ಒಳಗೊಂದು ಅರ್ಧಚಂದ್ರದಂಥ ಲೋಹದ ತುಂಡು ತೂಗಾಡುತ್ತದೆ. ಕೈ ಆಡಿದರೆ ಅದು ಸುತ್ತುತ್ತದೆ, ಅದು ಸುತ್ತಿದರೆ ಸ್ಪ್ರಿಂಗು ಬಿಗಿಯುತ್ತದೆ. ಕಾರ್ಖಾನೆ ಬಿಟ್ಟ ಮೇಲೆ ನಾನು ದಿನವಿಡೀ ಮೇಜಿನ ಮುಂದೆ ಕೂತು ಬರೆಯತೊಡಗಿದ್ದೆ. ಆಡುವುದು ಬಲಗೈ. ವಾಚು ಕಟ್ಟಿದ ಎಡಗೈ ಕಾಗದದ ಅಂಚನ್ನು ಅದುಮಿಕೊಂಡು ಬೆಕ್ಕಿನಂತೆ ಮಲಗಿರುತ್ತಿತ್ತು.

ಆ ಹೊತ್ತಿಗೇ ಅಕ್ಕನಿಗೆ ಲಕ್ವ ಹೊಡೆಯಿತು. ಹೊಂಗನೂರಿನಲ್ಲಿ ಅಕ್ಕ, ಭಾವ ಇಬ್ಬರೇ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಕಾಲು ಎಳೆದುಕೊಂಡಾದರೂ ನಡೆಯಿತು. ಮಾತು ಒಂದಿಷ್ಟು ತೊದಲಿತು, ಅದರ ಮೊನೆ ಮಾತ್ರ ಹಾಗೇ ಇತ್ತು. ಎಡಗೈ ಬರಲೇ ಇಲ್ಲ. ಮಡಿಲಲ್ಲಿ ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು.

ನಾನು ಚನ್ನಪಟ್ಟಣಕ್ಕೆ ಹೋಗಿ ಹೊಂಗನೂರಿನ ಬಸ್ಸು ಹಿಡಿದು ನೋಡಲು ಹೋದೆ. ಅವಳು ಜಗುಲಿಯ ಮೇಲೆ ಕೂತಿದ್ದಳು. ನನಗಿಂತ ಮೊದಲು ನನ್ನ ಮಣಿಕಟ್ಟು ನೋಡಿದಳು.

“ಏನ್ಲಾ ಅದು, ಕೈಗೆ ಬೇಡಿ ಹಾಕ್ಸ್ಕಂಡ್ ಬಂದಿದ್ದೀಯ?”

“ವಾಚು ಕಣಕ್ಕ. ನೀರಲ್ಲಿ ಮುಳುಗೋರು ಕಟ್ಕೊಳ್ಳೋದು. ಮುನ್ನೂರು ಮೀಟರ್ ಇಳಿದ್ರೂ ಏನೂ ಆಗಲ್ಲ.”

ಭಾವ ಸೊಪ್ಪಿನ ಹೊರೆ ಇಳಿಸುತ್ತಿದ್ದವರು ಅಲ್ಲಿಂದಲೇ ಅಂದರು: “ಮುನ್ನೂರ್ ಮೀಟ್ರಾ? ಅಷ್ಟ್ ಇಳುದ್ರೂ ನಮ್ ಬೋರ್‌ವೆಲ್‌ಗೆ ನೀರೇ ಸಿಗ್ನಿಲ್ಲ. ನಿನ್ ವಾಚು ಇಳುದ್ರೆ ಧೂಳ್ ತಕಂಡ್ ಬತ್ತದೆ ಕಣ್ ಬಾಮೈದ.”

“ಟೈಮೆಷ್ಟು ಅದ್ರಲ್ಲಿ?” ಅಂದಳು ಅಕ್ಕ.

ನೋಡಿದೆ. ನಿಂತಿತ್ತು. ಬಸ್ಸಿನ ಕುಲುಕಿಗೆ ಒಂದಿಷ್ಟು ಓಡಿ ಸುಮ್ಮನಾಗಿರಬೇಕು. ಕೈ ಆಡದಿದ್ದರೆ ನಿಲ್ಲುವ ವಾಚು ಇದೆಂದು ಬಿಡಿಸಿ ಹೇಳಬೇಕಾಯಿತು. ಅವಳು ಬಾಯಿ ಒಂದು ಕಡೆ ಸೊಟ್ಟಗಾಗುವಂತೆ ನಕ್ಕಳು. “ಹಂಗಾರೆ ನಿನ್ ಎಡಗೈಗೂ ಲಕ್ವ ಹೊಡುದೈತೆ ಅನ್ನು.”

ಆಮೇಲೆ ಬಲಗೈ ಬೆರಳಿನಿಂದ ವಾಚಿನ ಮುಖ ತಟ್ಟಿದಳು. “ಕಟ್ಟು ನಂಗೆ,” ಅಂದಳು. “ಎಡಗೈಗೇ.”

ಕೈಗೆ ವ್ಯಾಯಾಮ ಮಾಡಿಸಲು ಚನ್ನಪಟ್ಟಣದಿಂದ ಒಬ್ಬ ಹೆಣ್ಣುಮಗಳು ವಾರಕ್ಕೆರಡು ಸಲ ಬರುತ್ತಿದ್ದಳು. ಅಕ್ಕ ಅವಳನ್ನು ‘ಕೈ ಟೀಚ್ರು’ ಎಂದೇ ಕರೆಯುತ್ತಿದ್ದದ್ದು. ಟೀಚರು ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದಳು, ಆಡಿಸಲು ಅರಗಿನ ಬಣ್ಣ ಹಾಕಿದ ಮರದ ಗಿಲಕಿ ಕೊಟ್ಟಿದ್ದಳು. ಎರಡನ್ನೂ ಅಕ್ಕ ಮಂಚದಡಿ ತಳ್ಳಿದ್ದಳು.

“ಚೆಂಡ್ ಅಮುಕು, ಚೆಂಡ್ ಅಮುಕು ಅಂತದೆ ಆ ಟೀಚ್ರು. ಎಷ್ಟ್ ಅಮುಕ್ದೆ ಅಂತ ಚೆಂಡು ಹೇಳ್ತದಾ? ಇದಾದ್ರೆ ಹೇಳ್ತದೆ. ಓಡುದ್ರೆ ಕೈ ಬಂತು ಅಂತ. ಓಡ್ನಿಲ್ಲ ಅಂದ್ರೆ ಇಲ್ಲ ಅಂತ.” ಭಾವ ಹುಳುಮನೆಯೊಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದಳು. “ಇವ್ರು ಒಬ್ರೇ ಎಷ್ಟಂತ ಮಾಡಾರು. ಮುಂದ್ಲು ಬೆಳೇಲಿ ನಾನು ಮೊರ ಹಿಡೀನಿಲ್ಲ ಅಂದ್ರೆ ಹುಳೀನ್ ಮನೆ ಮುಚ್ಬುಡ್ತಾರೆ. ಅಂದವ್ರೆ. ನಂಗಲ್ಲ, ಈ ಕೈಗೆ ಅಂದವ್ರೆ ಅಂತ ಇಟ್ಕೊ.”

ಕಟ್ಟಿದೆ. ಕಟ್ಟುವಾಗಿನ ಅಲುಗಾಟಕ್ಕೆ ಸೆಕೆಂಡಿನ ಮುಳ್ಳು ಹೊರಟಿತು. ಇಬ್ಬರೂ ನೋಡುತ್ತ ಕೂತೆವು. ಕಾಫಿ ಕುಡಿದು ಲೋಟ ಇಡುವ ಹೊತ್ತಿಗೆ ನಿಂತಿತು. ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ. ಕರು ಬಿಟ್ಟು ಹೋಗುವ ಹಸುವಿನಂತೆ ತಿರುಗಿ ತಿರುಗಿ ನೋಡುತ್ತಿದ್ದೆ ಎಂದು ಭಾವ ಇವತ್ತಿಗೂ ಆಡಿಕೊಳ್ಳುತ್ತಾರೆ. ನೋಡಿದ್ದು ಅಕ್ಕನನ್ನು ಎಂದು ನಾನು ಹೇಳುತ್ತೇನೆ.

ಬಾವಿಯ ವಿಷಯ ಇಲ್ಲಿ ಹೇಳಬೇಕು. ನಮ್ಮ ಮನೆತನದಲ್ಲಿ ನಿಜವಾಗಿ ಮುಳುಗುವ ಕಸುಬು ಗೊತ್ತಿದ್ದವಳು ಅಕ್ಕ. ಹಗ್ಗ ಹರಿದು ಬಾವಿಗೆ ಬಿದ್ದ ಕೊಡಗಳನ್ನು ತೆಗೆಯಲು ಊರಿನಲ್ಲಿ ಪಾತಾಳಗರಡಿ ಇತ್ತು, ಕೊಕ್ಕೆಗಳ ಗೊಂಚಲು. ಅದಕ್ಕೆ ಸಿಗದ ಕೊಡವಿದ್ದರೆ ಅಕ್ಕನನ್ನು ಕರೆಯುತ್ತಿದ್ದರು. ಲಂಗ ಕಚ್ಚೆ ಹಾಕಿ, ಬಾವಿಕಟ್ಟೆಯಿಂದ ತಲೆಕೆಳಗಾಗಿ ಬೀಳುತ್ತಿದ್ದಳು. ನಾನು ಕಟ್ಟೆಯ ಮೇಲೆ ಹೊಟ್ಟೆಯೂರಿ ಮಲಗಿ ಗಟ್ಟಿಯಾಗಿ ಎಣಿಸುತ್ತಿದ್ದೆ. ನೀರು ಮುಚ್ಚಿಕೊಂಡು ಸಮವಾಗುತ್ತಿತ್ತು. ಆಮೇಲೆ ಮೊದಲು ಬರುತ್ತಿದ್ದದ್ದು ತಲೆಯಲ್ಲ, ಎಡಗೈ. ಆ ಕೈಯಲ್ಲಿ ಹಿತ್ತಾಳೆ ಕೊಡದ ಕಂಠ.

ಇದನ್ನು ಹೀಗೇ ಬರೆದು ಅಕ್ಕನಿಗೆ ಓದಿ ಹೇಳಿದೆ.

“ಎಣುಸ್ತಿದ್ನಂತೆ! ಅಳ್ತಿದ್ದೆ ಕಣ್ಲಾ, ಅಕ್ಕ ಸತ್ತೋದ್ಲು ಅಂತ. ಅದೂ ಒಂದ್ಸಲ. ಮಿಕ್ಕಿದ್ದಕ್ಕೆಲ್ಲ ನೀನಿನ್ನೂ ಹುಟ್ಟೇ ಇರ್ನಿಲ್ಲ. ಅವ್ವ ಹೇಳಿರೋದ್ನ ಕದ್ದಿದ್ದೀಯ.”

“ಎಡಗೈ ನಿಜ ತಾನೆ?”

“ಯಾವ್ ಕೈಯೋ ಯಾವನ್ಗ್ ಗೊತ್ತು. ಆಗ ಎರಡೂ ಇದ್ದೋ.”

ವಾಚು ಕಟ್ಟಿ ಬಂದ ಮೇಲೆ ಪ್ರತಿದಿನ ಬೆಳಿಗ್ಗೆ ಭಾವ ಫೋನು ಮಾಡತೊಡಗಿದರು. ಬೇರೇನೂ ಮಾತಿಲ್ಲ. “ನಿಂತೈತೆ ಕಣಪ್ಪ.” ಅಷ್ಟೇ. ಕೆಲವು ದಿನ ಬರೀ “ಊಂ ಹೂಂ.” ಸತ್ಯ ಹೇಳುವುದಕ್ಕೆ ದೊಡ್ಡ ಬೆಲೆ ತೆಗೆದುಕೊಂಡ ವಸ್ತು ದಿನಾ ಒಂದೇ ಸತ್ಯ ಹೇಳುತ್ತಿತ್ತು.

ಒಂದು ಬೆಳಿಗ್ಗೆ ಭಾವ ಫೋನಿನಲ್ಲಿ ಕೂಗಿದರು. “ಓಡ್ತಾ ಐತೆ! ಬಾಮೈದ, ಓಡ್ತಾ ಐತೆ ಕಣೋ! ಬಾ, ಬಂದ್ಬುಡು!”

ಹೋದೆ. ಓಡುತ್ತಿತ್ತು. ಭಾವ ಪಕ್ಕದ ಮನೆಯವರನ್ನೂ ಕರೆದು ತೋರಿಸಿ, ಕಡಲೆಪುರಿ ಹಂಚಿದ್ದರು. ಮರುದಿನವೂ ಓಡಿತು, ಅದರ ಮರುದಿನವೂ. ಹೊಸ ಬೆಳೆಗೆ ಹುಳು ತಂದರು. ಅಕ್ಕ ಗೆದ್ದವಳಂತೆ ಕೂತಿದ್ದಳು. ಆದರೆ ಕೈ ಮಾತ್ರ ಹಿಂದಿನಂತೆಯೇ ಮಡಿಲಲ್ಲಿ ಬಿದ್ದಿತ್ತು.

ಕೈ ಟೀಚರು ಬಂದವಳು ವಾಚನ್ನೂ ನೋಡಿದಳು, ಕೈಯನ್ನೂ ನೋಡಿದಳು. “ಬೆರಳು ಮಡಿಸಿ ಅಮ್ಮ.” ಮಡಿಸಲಾಗಲಿಲ್ಲ. “ಮತ್ತೆ ಇದು ಹೆಂಗ್ ಓಡ್ತಿದೆ?”

ಅಕ್ಕ ಹುಳುಮನೆಯ ಕಡೆಯ ಗೋಡೆ ನೋಡಿದಳು. ಭಾವ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಅಕ್ಕ ಬಲಗೈಯಿಂದ ಎಡಗೈಯನ್ನು ಎತ್ತಿ, ಕೂಸಿನ ಮುಂದೆ ಗಿಲಕಿ ಆಡಿಸುವಂತೆ ಗಲಗಲ ಆಡಿಸಿ ತೋರಿಸಿದಳು. “ಹಿಂಗೆ.”

“ಅಕ್ಕ!” ಅಂದೆ.

“ಏನ್ ಅಕ್ಕ? ಇವ್ರು ಬೆಳಿಗ್ಗೆ ಎದ್ದು ಮೊದಲು ಇದ್ನ ನೋಡ್ತಾರೆ. ನಿಂತಿದ್ರೆ ಮುಖ ಹಿಂಗಾಯ್ತದೆ.” ಬಲಗೈಯಲ್ಲಿ ತನ್ನ ಕೆನ್ನೆಯನ್ನು ಕೆಳಕ್ಕೆ ಎಳೆದು ತೋರಿಸಿದಳು. “ನನ್ ಮುಖ ಸೊಟ್ಟ ಆಗಿರೋದು ಸಾಲ್ದಾ? ಮನೇಲಿ ಒಂದಾದ್ರೂ ನೆಟ್ಟಗಿರ್ಲಿ ಅಂತ.”

ಟೀಚರು ಬೈಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು, ದಿನಕ್ಕೆ ಎಷ್ಟು ಸಲ ಆಡಿಸುತ್ತೀರಿ ಎಂದು. ಬೆಳಿಗ್ಗೆ ಒಸಿ, ಸಂಜೆ ಒಸಿ ಎಂದಳು ಅಕ್ಕ. “ಚೆಂಡು ಕೊಟ್ರೆ ಮಂಚದ ಕೆಳಗೆ ಹಾಕ್ತೀರ, ಕಳ್ಳತನ ಮಾಡೋಕೆ ಮಾತ್ರ ವ್ಯಾಯಾಮ ಮಾಡ್ತೀರ,” ಎಂದು ಟೀಚರು ನಕ್ಕಳು. “ಮಾಡಿ. ಭುಜ ಎಳೀಬೇಡಿ, ಮೊಣಕೈ ಊರಿಕೊಂಡು ಮಾಡಿ. ಮಧ್ಯಾಹ್ನಾನೂ ಮಾಡಿ. ಮಾಡುವಾಗ ಎಡಗೈಯೇ ಆಡಿಸ್ತಿದೆ ಅಂದ್ಕೊಳ್ಳಿ.”

ನಾವು ಮೂವರೂ ಭಾವನಿಗೆ ಏನೂ ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು. ಹುಳುಮನೆಯ ಆ ಗೋಡೆಗೆ ಕಿಟಕಿಯಿದೆ ಎಂಬುದನ್ನು ನಾವು ಮರೆತಿದ್ದೆವು. ಅವರು ಯಾವಾಗಿನಿಂದ ಬಲ್ಲರು ಎಂಬುದು ಮಾತ್ರ ಒಂದೊಂದು ಸಲ ಒಂದೊಂದಾಗುತ್ತದೆ. ಕಡಲೆಪುರಿ ಹಂಚಿದ ದಿನವೇ ಗೊತ್ತಿತ್ತು ಎಂದೂ ಒಮ್ಮೆ ಅಂದಿದ್ದಾರೆ. ಹಾಗಿದ್ದರೆ ಹಂಚಿದ್ದು ಯಾಕೆ ಎಂದರೆ, “ಪುರಿ ತಂದಾಗೋಗಿತ್ತಲ್ಲಪ್ಪ” ಅನ್ನುತ್ತಾರೆ.

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳಿ, ಕೊನೆಗೆ ಹಣ್ಣಾದವು. ಹಣ್ಣಾದ ಹುಳು ಮೈ ತಿಳಿಯಾಗಿ ತಲೆಯೆತ್ತಿ ತೂಗುತ್ತದೆ. ಆಗ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡಮಾಡಿದರೆ ತಟ್ಟೆಯಲ್ಲೇ ನೂಲು ಸುರಿದುಬಿಡುತ್ತದೆ. ಆ ದಿನ ನಾನೂ ಹೋಗಿದ್ದೆ, ಪಕ್ಕದ ಮನೆಯವರೂ ಬಂದಿದ್ದರು. ಅಕ್ಕ ಬಾಗಿಲ ಬಳಿ ಕೂತು, ಮೊರ ಮಡಿಲಿಗಿಡಿ ಎಂದಳು. ಬಲಗೈಯಲ್ಲಿ ಆರಿಸಿ ಹಾಕುತ್ತೇನೆ, ಎಡಗೈ ಮೊರದ ಅಂಚಿನ ಮೇಲೆ ಭಾರಕ್ಕಿರಲಿ ಅನ್ನುವುದು ಅವಳ ಲೆಕ್ಕ.

“ವಾಚ್ ಬಿಚ್ಚು,” ಅಂದಳು. “ಅದ್ರ ಬಳೆ ಹಲ್ಲು ಹುಳೀನ್ ಮೈ ಗೀಚ್ತದೆ.”

ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದೆ. ದಿನವಿಡೀ ಎಲ್ಲರೂ ಬಗ್ಗಿ ಆರಿಸಿದೆವು. ಹೊತ್ತು ಇಳಿಯುವಾಗ ಭಾವ ಚಂದ್ರಿಕೆ ಹೊತ್ತು ಅವಸರದಲ್ಲಿ ಹೊರಬಂದರು. ಅದರ ಅಂಚು ಅಕ್ಕನ ಮೊರಕ್ಕೆ ಬಡಿಯಿತು. ಅಕ್ಕನ ಬಲಗೈ ಆಚೆಯ ತಟ್ಟೆಗೆ ಚಾಚಿತ್ತು. ಹುಳು ತುಂಬಿದ ಮೊರ ವಾಲಿತು. ನಾನು ಕೂಗಿದೆ, ಭಾವ ಕೂಗಿದರು.

ಮೊರ ಬೀಳಲಿಲ್ಲ. ಎಡಗೈಯ ಬೆರಳುಗಳು ಅಂಚನ್ನು ಹಿಡಿದುಕೊಂಡಿದ್ದವು.

ಕಿರುಬೆರಳು ಮೊದಲು ಮಡಚಿಕೊಂಡಿತು ಎಂದು ನಾನು ಹೇಳುತ್ತೇನೆ. ಇಲ್ಲ, ಹೆಬ್ಬೆರಳು ಎಂದು ಭಾವ. ಒಂದು ಹುಳವೂ ಬೀಳಲಿಲ್ಲ ಎಂದು ನಾನು, ಒಂದು ಬೊಗಸೆ ಬಿತ್ತು, ನಾನೇ ಆರಿಸಿದೆ ಎಂದು ಪಕ್ಕದ ಮನೆಯಾಕೆ. ಅಕ್ಕನನ್ನು ಕೇಳಿದರೆ, ಬೆರಳು ಹೋದ ವಾರವೇ ಆಡಿತ್ತು, ನಿಮಗೆ ಹೇಳಿದ್ದರೆ ಮತ್ತೆ ಪುರಿ ಹಂಚುತ್ತಿದ್ದಿರಿ ಅನ್ನುತ್ತಾಳೆ. ಯಾರದು ನಿಜ ಎಂದು ತೀರ್ಮಾನಿಸಲು ತಂದಿಟ್ಟ ವಾಚು ಆ ಗಳಿಗೆಯಲ್ಲಿ ಮೊಳೆಯ ಮೇಲಿತ್ತು.

ಎಲ್ಲ ಮುಗಿದ ಮೇಲೆ ಭಾವ ಅಂಗಳದಲ್ಲಿ ನಿಂತು ಚಾಕಿ ಮರಿ, ಅಂದರೆ ಎಳೆಯ ಹುಳು, ಕೊಡುವವರಿಗೆ ಫೋನು ಮಾಡಿದರು. “ಮುಂದ್ಲು ಬೆಳೆಗೂ ನಮ್ದು ಬರ್ಕೊಳಿ. ಹೂಂ. ಇಲ್ಲ ಇಲ್ಲ, ನಿಲ್ಸಲ್ಲ.” ಅಕ್ಕ ಕೇಳಿಸಲಿಲ್ಲವೆಂಬಂತೆ ಸೆರಗು ಕೊಡವಿಕೊಂಡಳು.

“ಎಲ್ಲಿ, ಆ ಬೇಡಿ ತತ್ತಾ.”

ಇಡೀ ದಿನ ಅಲ್ಲಾಡದೆ ತೂಗಿದ ವಾಚು ನಿಂತಿತ್ತು. ಅವಳು ಅದನ್ನು ಎಡ ಅಂಗೈಯಲ್ಲಿ ಇಡಿಸಿಕೊಂಡಳು. ಬೆರಳುಗಳು ಒಂದೊಂದಾಗಿ, ಯೋಚಿಸಿ ಯೋಚಿಸಿ, ಅದರ ಸುತ್ತ ಮುಚ್ಚಿಕೊಂಡವು. ಬಲಗೈಯಿಂದ ಕೀಲಿಗುಂಡಿಯ ತಿರುಪು ಬಿಚ್ಚಲು ನಾನು ಹೇಳಿಕೊಟ್ಟೆ. ವಾಚು ಅಂಗೈಯಲ್ಲಿ ನಡುಗಿತು, ಜಾರಲಿಲ್ಲ. ಒಂದಿಷ್ಟು ಕೀಲಿ ತಿರುಗಿಸಿ, ಗುಂಡಿಯನ್ನು ಹೊರಕ್ಕೆಳೆದು ನಮ್ಮತ್ತ ನೋಡಿದಳು.

“ಎಷ್ಟಾಯ್ತು ಟೈಮು?”

ನನ್ನ ಫೋನು ಒಳಗೆ ಚಾರ್ಜಿಗಿತ್ತು. ಭಾವ ಬಿಸಿಲು ನೋಡಿ ಐದೂವರೆ ಅಂದರು. ಪಕ್ಕದ ಮನೆಯಾಕೆ ಆರಾಗೋಯ್ತು, ಹಾಲು ಕರೀಬೇಕು ಅಂದಳು. ಅಕ್ಕ ಇಬ್ಬರನ್ನೂ ನೋಡಿ, ನಡುವೆ ಎಲ್ಲೋ ಮುಳ್ಳು ನಿಲ್ಲಿಸಿ, ಗುಂಡಿ ಒತ್ತಿದಳು. ಸೆಕೆಂಡಿನ ಮುಳ್ಳು ಹೊರಟಿತು.

“ತಕೋ. ಬರೀ ಬರ್ಕಂಡ್ ಕೂರ್ಬ್ಯಾಡ. ಒಸಿ ಕೈ ಆಡ್ಸು.”

ಈಗ ಬರೆಯುವಾಗ ಆಗಾಗ ಎಡಗೈ ಎತ್ತಿ ಗಿಲಕಿಯಂತೆ ಆಡಿಸುತ್ತೇನೆ. ವಾಚು ನಿಂತಿಲ್ಲ. ಅಕ್ಕ ಇಟ್ಟ ಹೊತ್ತಿಗೂ ಫೋನಿನ ಹೊತ್ತಿಗೂ ಸ್ವಲ್ಪ ವ್ಯತ್ಯಾಸವಿದೆ. ಸರಿಮಾಡಿಲ್ಲ.